ವಿಜ್ಞಾನ ತಪಸ್ವಿನಿ ಕಮಲಾ ಸೋಹೋನಿ

ಗದಗಿನ ಜೋಡಿ ಊರಾದ ಬೆಟಗೇರಿ ನೇಕಾರಿಕೆಗೆ ಬಹು ಕಾಲದಿಂದ ಹೆಸರಾದುದು. ಅಲ್ಲಿಯ ಮಗ್ಗದಲ್ಲಿ ನೆಯ್ದ ಸೀರೆಯನ್ನು ಕೊಂಡವರು ಅದರ ಬಣ್ಣವನ್ನು ಮೆಚ್ಚುತ್ತಾರೆ, ಅಂಚನ್ನು ಮೆಚ್ಚುತ್ತಾರೆ, ನೆಯ್ದ ನೇಕಾರನನ್ನೂ ಹೊಗಳುತ್ತಾರೆ. ಆದರೆ ಆ ಸೀರೆ ಮಗ್ಗದಿಂದ ಇಳಿಯುವುದಕ್ಕೆ ಮೊದಲು ಎಷ್ಟು ಕೈಗಳು ದುಡಿದಿರುತ್ತವೆ ಎಂಬುದು ಅವರಿಗೆ ತಿಳಿಯದು. ನೂಲಿಗೆ ಬಣ್ಣ ಹಾಕಿದವರು ಒಬ್ಬರು. ಅದನ್ನು ಒಣಗಿಸಿ ಲಡಿಯನ್ನು ಬಿಡಿಸಿದವರು ಇನ್ನೊಬ್ಬರು. ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತಿದವರು, ಹಾಸು ಹೂಡಿದವರು, ಕಡಿದ ಎಳೆಗಳನ್ನು ಕೂಡಿಸಿದವರು ಬೇರೆ ಬೇರೆ. ಇವರಲ್ಲಿ ಅನೇಕರು ಮನೆಯ ಹೆಂಗಸರು. ಅವರ ಹೆಸರು ಸೀರೆಯ ಮೇಲೆ ಎಲ್ಲಿಯೂ ಇರುವುದಿಲ್ಲ. ಆದರೂ ಆ ಕೈಗಳು ಒಂದು ದಿನ ಸುಮ್ಮನೆ ಕುಳಿತರೆ ಮಗ್ಗವೂ ಸುಮ್ಮನಾಗುತ್ತದೆ.

ಜೀವಿಗಳ ದೇಹದಲ್ಲಿಯೂ ಇಂಥ ಕಾಣದ ಕೈಗಳಿವೆ. ನಾವು ಉಂಡ ರೊಟ್ಟಿ ಜೀರ್ಣವಾಗಿ ರಕ್ತಗತವಾಗುವುದು, ಬಿತ್ತಿದ ಕಾಳು ಮೊಳೆಯುವುದು, ಹೆಪ್ಪು ಹಾಕಿದ ಹಾಲು ಮೊಸರಾಗುವುದು, ಇವೆಲ್ಲ ಅವುಗಳ ಕೆಲಸವೇ. ವಿಜ್ಞಾನದಲ್ಲಿ ಇವನ್ನು ಕಿಣ್ವಗಳೆಂದು ಕರೆಯುತ್ತಾರೆ. ಜೀವಕೋಶದ ಒಳಗೆ ನಡೆಯುವ ರಾಸಾಯನಿಕ ಬದಲಾವಣೆಗಳನ್ನು ಕಿಣ್ವಗಳು ತ್ವರಿತಗೊಳಿಸುತ್ತವೆ. ಆದರೆ ಆ ಬದಲಾವಣೆಯಲ್ಲಿ ತಾವು ಸವೆದುಹೋಗುವುದಿಲ್ಲ. ಒಂದೊಂದು ಕಿಣ್ವಕ್ಕೂ ಒಂದೊಂದು ಗೊತ್ತಾದ ಕೆಲಸ. ಒಂದರ ಕೆಲಸವನ್ನು ಸಾಮಾನ್ಯವಾಗಿ ಇನ್ನೊಂದು ಮಾಡಲಾರದು.

ಈ ಕಿಣ್ವಗಳ ಅಧ್ಯಯನಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟ ಭಾರತೀಯ ವಿಜ್ಞಾನಿಗಳಲ್ಲಿ ಕಮಲಾ ಸೋಹೋನಿ ಅವರದು ಹಿರಿಯ ಹೆಸರು. ಆದರೆ ಆ ಅಧ್ಯಯನವನ್ನು ಆರಂಭಿಸುವುದಕ್ಕೆ ಮುನ್ನ ಅವರು ಮುಚ್ಚಿದ ಒಂದು ಬಾಗಿಲನ್ನು ತೆರೆಯಿಸಬೇಕಾಯಿತು. ಆ ಬಾಗಿಲು ಇದ್ದುದು ನಮ್ಮ ಕನ್ನಡ ನಾಡಿನಲ್ಲಿಯೇ, ಬೆಂಗಳೂರಿನಲ್ಲಿ.

ಕಮಲಾ ಅವರು 1911ನೆಯ ಇಸವಿ ಜೂನ್ 18ರಂದು ಇಂದೂರಿನಲ್ಲಿ ಜನಿಸಿದರು. ತಂದೆ ನಾರಾಯಣರಾವ್ ಭಾಗವತ. ಚಿಕ್ಕಂದಿನಿಂದಲೂ ಮಗಳಿಗೆ ವಿಜ್ಞಾನದ ರುಚಿ ಹತ್ತುವಂತಹ ವಾತಾವರಣ ಆ ಮನೆಯಲ್ಲಿತ್ತು. ತಂದೆ ಮತ್ತು ಅವರ ಸಹೋದರ ಮಾಧವರಾವ್ ಇಬ್ಬರೂ ರಸಾಯನ ಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಿಂದ ಮೊದಮೊದಲಿಗೆ ಹೊರಬಂದ ವಿದ್ಯಾರ್ಥಿಗಳ ಸಾಲಿನವರು. ಮರಾಠಿಯ ಪ್ರಸಿದ್ಧ ಲೇಖಕಿ, ಜಾನಪದ ವಿದ್ವಾಂಸೆ ದುರ್ಗಾ ಭಾಗವತ ಅವರು ಕಮಲಾ ಅವರ ಅಕ್ಕ. ಅಕ್ಕ ಜನರ ಹಾಡು ಕಥೆಗಳ ಜಾಡು ಹಿಡಿದರೆ ತಂಗಿ ಜೀವಕೋಶದ ಜಾಡು ಹಿಡಿದರು. ಹೆಣ್ಣುಮಕ್ಕಳ ಓದಿಗೆ ಆ ಮನೆಯಲ್ಲಿ ಅಡ್ಡಿಯಿರಲಿಲ್ಲ ಎಂಬುದಕ್ಕೆ ಈ ಇಬ್ಬರ ಸಾಧನೆಯೇ ಸಾಕ್ಷಿ.

ಭಾರತೀಯ ವಿಜ್ಞಾನ ಮಂದಿರವು ಜಮ್‌ಶೆಟ್‌ಜಿ ಟಾಟಾ ಅವರ ಕನಸಿನ ಕೂಸು. ಮೈಸೂರು ಸಂಸ್ಥಾನವು ಅದಕ್ಕಾಗಿ 371 ಎಕರೆ ನೆಲವನ್ನು ದಾನವಾಗಿ ಕೊಟ್ಟಿತು. 1909ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಗೆ ಮೊದಲ ವಿದ್ಯಾರ್ಥಿಗಳು ಕಾಲಿಟ್ಟುದು 1911ರಲ್ಲಿ. ಕಮಲಾ ಅವರು ಹುಟ್ಟಿದ ವರ್ಷದಲ್ಲಿಯೇ. ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಪ್ರಸಿದ್ಧವಾಯಿತು. ತಂದೆ ಕಲಿತ ಆ ವಿದ್ಯಾಮಂದಿರದಲ್ಲಿ ತಾವೂ ಕಲಿಯಬೇಕೆಂಬ ಹಂಬಲ ಮಗಳಲ್ಲಿ ಬೆಳೆದುದು ಸಹಜವೇ ಆಗಿತ್ತು.

1933ರಲ್ಲಿ ಕಮಲಾ ಅವರು ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದರು. ರಸಾಯನ ಶಾಸ್ತ್ರ ಅವರ ಮುಖ್ಯ ವಿಷಯ, ಭೌತಶಾಸ್ತ್ರ ಉಪವಿಷಯ. ಆಗ ಗದಗ, ಬೆಟಗೇರಿಗಳನ್ನು ಒಳಗೊಂಡ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಈ ಸೀಮೆಯ ವಿದ್ಯಾರ್ಥಿಗಳೂ ಪದವಿಗಾಗಿ ಅದೇ ವಿಶ್ವವಿದ್ಯಾಲಯದ ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದರು. ಅಷ್ಟು ವಿಸ್ತಾರವಾದ ವಿಶ್ವವಿದ್ಯಾಲಯದಲ್ಲಿ ಕಮಲಾ ಅವರು ಎಲ್ಲರಿಗಿಂತ ಮೇಲಿನ ಸ್ಥಾನವನ್ನು ಗಳಿಸಿದರು. ಇಂಥ ವಿದ್ಯಾರ್ಥಿನಿಗೆ ಸಂಶೋಧನೆಯ ಅವಕಾಶ ತಾನಾಗಿಯೇ ದೊರೆಯುವುದೆಂದು ಯಾರಾದರೂ ಭಾವಿಸಬಹುದಾಗಿತ್ತು. ಅವರು ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಅರ್ಜಿಯನ್ನು ಕಳುಹಿಸಿದರು.

ಅರ್ಜಿ ತಿರಸ್ಕೃತವಾಯಿತು. ಅಂಕಗಳು ಕಡಿಮೆಯಿದ್ದುದರಿಂದಲ್ಲ, ಅರ್ಜಿ ಹಾಕಿದವರು ಮಹಿಳೆ ಎಂಬುದರಿಂದ. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು ಇಡೀ ದೇಶದ ಕೀರ್ತಿಯನ್ನು ಬೆಳಗಿಸಿದ ಮಹಾವಿಜ್ಞಾನಿ ಅವರು. ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರೂ ಅವರೇ. ಬೆಳಕು ಪಾರದರ್ಶಕ ವಸ್ತುಗಳನ್ನು ಹಾಯುವಾಗ ಏನಾಗುವುದೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟ ಆ ಮಹನೀಯರು, ಹೆಣ್ಣುಮಕ್ಕಳು ಸಂಶೋಧನೆಯ ಕಠಿಣ ದುಡಿಮೆಗೆ ತಕ್ಕವರಲ್ಲವೆಂಬ ಆ ಕಾಲದ ನಂಬಿಕೆಯಿಂದ ಪಾರಾಗಿರಲಿಲ್ಲ. ದೊಡ್ಡವರಾದವರು ಎಲ್ಲ ವಿಷಯಗಳಲ್ಲಿಯೂ ದೊಡ್ಡವರಾಗಿಯೇ ಇರುತ್ತಾರೆಂದು ಹೇಳಲಾಗದು.

ಇಂಥ ಉತ್ತರ ಬಂದಾಗ ಮನೆಯಲ್ಲಿ ಕುಳಿತು ಕಣ್ಣೀರಿಡುವುದು ಒಂದು ದಾರಿ; ಬೇರೊಂದು ಸಂಸ್ಥೆಯನ್ನು ಹುಡುಕಿಕೊಳ್ಳುವುದು ಇನ್ನೊಂದು ದಾರಿ. ಇಪ್ಪತ್ತೆರಡು ವರ್ಷದ ಕಮಲಾ ಅವರು ಇವೆರಡನ್ನೂ ಬಿಟ್ಟು ಮೂರನೆಯ ದಾರಿಯನ್ನು ಹಿಡಿದರು. ದೇಶದ ತುಂಬ ಗಾಂಧೀಜಿಯವರ ಸತ್ಯಾಗ್ರಹದ ಗಾಳಿ ಬೀಸುತ್ತಿದ್ದ ಕಾಲವದು. ಅವರು ನೇರವಾಗಿ ಬೆಂಗಳೂರಿಗೆ ಬಂದು ನಿರ್ದೇಶಕರ ಎದುರು ನಿಂತರು. ತಮ್ಮನ್ನು ಸೇರಿಸಿಕೊಳ್ಳದಿರಲು ಕಾರಣವೇನೆಂದು ವಿನಯದಿಂದ, ಆದರೆ ಅಂಜದೆ ಕೇಳಿದರು. ಸೇರಿಸಿಕೊಳ್ಳುವವರೆಗೆ ಅಲ್ಲಿಂದ ಕದಲುವುದಿಲ್ಲವೆಂಬ ನಿಲುವನ್ನು ತಳೆದರು. ಅವರು ಕೇಳಿದುದು ದಯೆಯನ್ನಾಗಲಿ ರಿಯಾಯಿತಿಯನ್ನಾಗಲಿ ಅಲ್ಲ. ಪರೀಕ್ಷೆಯಲ್ಲಿ ತೋರಿದ ಯೋಗ್ಯತೆಗೆ ತಕ್ಕ ಕೆಲಸವನ್ನು ಮಾತ್ರ ಕೇಳಿದರು.

ಕೊನೆಗೆ ರಾಮನ್ ಅವರು ಒಪ್ಪಿದರು; ಆದರೆ ಒಪ್ಪಿಗೆಗೆ ಕಟ್ಟಳೆಗಳ ಬೇಲಿಯನ್ನು ಹಾಕಿದರು. ಮೊದಲ ಒಂದು ವರ್ಷ ಕಮಲಾ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಎಣಿಸುವಂತಿಲ್ಲ. ಅವರ ಕೆಲಸದ ಗುಣ ನಿರ್ದೇಶಕರ ಮನಸ್ಸಿಗೆ ಒಪ್ಪಿಗೆಯಾದ ಮೇಲೆಯೇ ಅದಕ್ಕೆ ಮನ್ನಣೆ. ಮಾರ್ಗದರ್ಶಕರು ಹೇಳಿದರೆ ರಾತ್ರಿಯ ವೇಳೆಯಲ್ಲಿಯೂ ದುಡಿಯಬೇಕು. ಸಂಸ್ಥೆಯ ಇತರ ಸಂಶೋಧಕರ ಏಕಾಗ್ರತೆಗೆ ಅವರಿಂದ ಭಂಗ ಬರಬಾರದು. ಕೊನೆಯ ಈ ಕಟ್ಟಳೆ ಸ್ವಾಭಿಮಾನಿಯಾದ ಯಾವ ಹೆಣ್ಣಿಗಾದರೂ ನೋವನ್ನುಂಟುಮಾಡುವಂಥದು. ಕಮಲಾ ಅವರಿಗೂ ಅದು ನೋವುಂಟುಮಾಡಿತು. ಆ ನೋವನ್ನು ಅವರು ಮುಂದೆ ಅರವತ್ತು ವರ್ಷಗಳ ಮೇಲೆಯೂ ಮರೆಯಲಿಲ್ಲ. ಆದರೂ ಬಾಗಿಲು ಬೆರಳಷ್ಟು ತೆರೆದರೂ ಸಾಕು, ಉಳಿದುದನ್ನು ಕೆಲಸವೇ ತೆರೆಯಬಲ್ಲುದು ಎಂಬ ನಂಬಿಕೆಯಿಂದ ಅವರು ಎಲ್ಲಕ್ಕೂ ಒಪ್ಪಿಕೊಂಡರು.

ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಎಂ. ಶ್ರೀನಿವಾಸಯ್ಯನವರು. ಶಿಸ್ತಿನಲ್ಲಿ ಬಹು ಕಟ್ಟುನಿಟ್ಟು, ಕಲಿಸುವುದರಲ್ಲಿ ಬಹು ಉದಾರಿ. ಯೋಗ್ಯ ಶಿಷ್ಯರಿಗೆ ತಮ್ಮಲ್ಲಿರುವುದನ್ನೆಲ್ಲ ಧಾರೆಯೆರೆಯಬೇಕೆಂಬ ಹಂಬಲ ಅವರದು. ಜಗತ್ತಿನ ಹೆಸರಾಂತ ಜೀವರಸಾಯನ ಶಾಸ್ತ್ರಜ್ಞರು ಬರೆದುದನ್ನು ಓದುವಂತೆ ಅವರು ಶಿಷ್ಯೆಯನ್ನು ಪ್ರೇರಿಸಿದರು. ಕಮಲಾ ಅವರು ಬೆಳಗಿನಿಂದ ರಾತ್ರಿಯವರೆಗೆ ಪ್ರಯೋಗಶಾಲೆಯಲ್ಲಿ ದುಡಿದರು. ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನುಗಳು ಅವರ ಅಧ್ಯಯನದ ವಿಷಯವಾಗಿದ್ದವು. ಮಾಂಸವನ್ನು ಕೊಳ್ಳಲಾರದ ಕೋಟ್ಯಂತರ ಭಾರತೀಯರ ದೇಹಪುಷ್ಟಿ ಈ ಹಾಲು ಕಾಳುಗಳನ್ನೇ ನಂಬಿರುವುದು. ಆದ್ದರಿಂದ ಅವರು ಆಯ್ದುಕೊಂಡ ವಿಷಯವು ಬಡವರ ಊಟದ ತಟ್ಟೆಗೆ ಹತ್ತಿರವಾದುದಾಗಿತ್ತು.

ವರ್ಷ ಕಳೆಯಿತು. ರಾಮನ್ ಅವರು ಆ ಕೆಲಸವನ್ನು ಪರೀಕ್ಷಿಸಿ ತೃಪ್ತರಾದರು. ಕಮಲಾ ಅವರಿಗೆ ಕ್ರಮಬದ್ಧ ಸಂಶೋಧನೆಗೆ ಅನುಮತಿ ದೊರೆಯಿತು. 1936ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದರು. ಅದಕ್ಕಿಂತ ಹಿರಿದಾದ ಫಲ ಇನ್ನೊಂದಿತ್ತು. ಅವರ ಕೆಲಸವನ್ನು ಕಣ್ಣಾರೆ ಕಂಡ ಮೇಲೆ ಸಂಸ್ಥೆಯು ಇತರ ಮಹಿಳೆಯರಿಗೂ ಬಾಗಿಲನ್ನು ತೆರೆಯಿತು. ಮುಂದೆ 1940ರಲ್ಲಿ ಹವಾಮಾನ ವಿಜ್ಞಾನಿಯೆಂದು ಹೆಸರಾದ ಅನ್ನಾ ಮಣಿ ಅವರು ಸ್ವತಃ ರಾಮನ್ ಅವರ ಪ್ರಯೋಗಶಾಲೆಗೇ ಬಂದು ವಜ್ರ ಮಾಣಿಕ್ಯಗಳ ಮೇಲೆ ಸಂಶೋಧನೆ ನಡೆಸಿದರು. ತಮ್ಮ ಅಭಿಪ್ರಾಯವನ್ನು ಸಾಕ್ಷ್ಯದ ಮುಂದೆ ಸಡಿಲಿಸಿದುದು ರಾಮನ್ ಅವರ ವೈಜ್ಞಾನಿಕ ಮನೋಧರ್ಮಕ್ಕೆ ತಕ್ಕುದಾಗಿತ್ತು. ಆದರೆ ಗಂಡುಮಕ್ಕಳಿಗೆ ಬೇಡವಾಗಿದ್ದ ಆ ಒಂದು ವರ್ಷದ ಅಗ್ನಿಪರೀಕ್ಷೆಯನ್ನು ಒಬ್ಬ ಹೆಣ್ಣುಮಗಳು ಮಾತ್ರ ಕೊಡಬೇಕಾಯಿತೆಂಬುದನ್ನೂ ಇತಿಹಾಸ ಮರೆಯಲಾಗದು.

1937ರಲ್ಲಿ ಕಮಲಾ ಅವರು ವಿದ್ಯಾರ್ಥಿವೇತನದ ನೆರವಿನಿಂದ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಯ ಜೀವರಸಾಯನ ಶಾಸ್ತ್ರ ವಿಭಾಗದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲಂಡ್ ಹಾಪ್‌ಕಿನ್ಸ್. ಜೀವಸತ್ವಗಳ ಬಗೆಗಿನ ಸಂಶೋಧನೆಗಾಗಿ 1929ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಅವರ ಪ್ರಯೋಗಶಾಲೆ ಆ ಕಾಲದಲ್ಲಿ ಕಿಣ್ವಗಳ ಅಧ್ಯಯನಕ್ಕೆ ಜಗತ್ತಿನಲ್ಲಿಯೇ ಹೆಸರಾಗಿತ್ತು. ಕಮಲಾ ಅವರು ಮೊದಲು ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿಯ ಜೊತೆಯಲ್ಲಿ ಪ್ರಾಣಿಗಳ ಅಂಗಾಂಶಗಳಲ್ಲಿರುವ ಕಿಣ್ವಗಳನ್ನು ಅಭ್ಯಾಸ ಮಾಡಿದರು. ಅವರು ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಅವರ ಜೊತೆಯಲ್ಲಿ ಸಸ್ಯಗಳ ಕಿಣ್ವಗಳತ್ತ ತಿರುಗಿದರು. ಹಸಿರೆಲೆಗಳು ಬೆಳಕಿನಲ್ಲಿ ಆಮ್ಲಜನಕವನ್ನು ಬಿಡುವ ಬಗೆಯನ್ನು ಶೋಧಿಸಿ ಮುಂದೆ ಪ್ರಸಿದ್ಧರಾದ ಹಿಲ್ ಅವರೇ ಇವರು.

ಕಮಲಾ ಅವರು ಏನನ್ನು ಅರಸುತ್ತಿದ್ದರು ಎಂಬುದನ್ನು ತಿಳಿಯಲು ಕಿಣ್ವಗಳ ಕಥೆಯನ್ನು ತುಸು ಹಿಂದಿನಿಂದ ನೋಡಬೇಕು. ಕಿಣ್ವ ಎಂಬುದು ಹಳೆಯ ಸಂಸ್ಕೃತ ಶಬ್ದ. ಹಿಟ್ಟನ್ನೋ ರಸವನ್ನೋ ಹುಳಿಸಲು ಸೇರಿಸುವ ವಸ್ತುವಿಗೆ ಹಿಂದಿನವರು ಹಾಗೆನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ವಿಜ್ಞಾನಿಗಳೂ ದ್ರಾಕ್ಷಾರಸದ ಹುಳಿಯುವಿಕೆಯನ್ನು ನೋಡುತ್ತಲೇ ಕಿಣ್ವಗಳ ಅರಿವಿಗೆ ಬಂದರು. ಆದರೆ ಕಿಣ್ವ ಯಾವ ಪದಾರ್ಥದಿಂದ ಆದುದು ಎಂಬುದು ಬಹು ಕಾಲ ಒಗಟಾಗಿತ್ತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಅವರು ಒಂದು ಬಗೆಯ ಅವರೆಯ ಜಾತಿಯ ಕಾಳಿನಿಂದ ಒಂದು ಕಿಣ್ವವನ್ನು ಶುದ್ಧವಾದ ಹರಳುಗಳಾಗಿ ಬೇರ್ಪಡಿಸಿದರು. ಅದು ಪ್ರೋಟೀನು ಎಂದು ತೋರಿಸಿದರು.

ಜೀವಿಗಳು ಉಸಿರಾಡುವುದು ಏಕೆ ಎಂಬ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿತ್ತು. ಒಲೆಯಲ್ಲಿ ಸೌದೆ ಆಮ್ಲಜನಕದೊಡನೆ ಸೇರಿ ಧಗ್ಗನೆ ಉರಿಯುತ್ತದೆ. ಜೀವಕೋಶದಲ್ಲಿ ಆಹಾರವೂ ಆಮ್ಲಜನಕದೊಡನೆ ಸೇರುತ್ತದೆ. ಆದರೆ ಅಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ. ಶಕ್ತಿ ಮೆಲ್ಲಮೆಲ್ಲನೆ ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಬಣವೆಗೆ ಬೆಂಕಿ ಬಿದ್ದಾಗ ಊರಿನವರು ಬಾವಿಯಿಂದ ಬಣವೆಯವರೆಗೆ ಸಾಲಾಗಿ ನಿಂತು ನೀರಿನ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದುಂಟು. ಜೀವಕೋಶದಲ್ಲಿಯೂ ಆಹಾರದಿಂದ ಬಂದ ಎಲೆಕ್ಟ್ರಾನುಗಳು ಹೀಗೆಯೇ ಒಂದು ಸಾಲಿನಲ್ಲಿ ಕೈಯಿಂದ ಕೈಗೆ ದಾಟುತ್ತ ಕೊನೆಗೆ ಆಮ್ಲಜನಕವನ್ನು ಮುಟ್ಟುತ್ತವೆ. ಆ ಸಾಲಿನಲ್ಲಿ ನಿಂತ ವಸ್ತುಗಳಲ್ಲಿ ಮುಖ್ಯವಾದವು ಸೈಟೋಕ್ರೋಮ್‌ಗಳು. 1925ರಲ್ಲಿ ಕೇಂಬ್ರಿಜ್‌ನ ಡೇವಿಡ್ ಕೀಲಿನ್ ಅವರು ಇವುಗಳ ಇರವನ್ನು ಜಗತ್ತಿಗೆ ತಿಳಿಸಿದ್ದರು.

ಪ್ರಾಣಿಗಳ ಅಂಗಾಂಶಗಳಲ್ಲಿ ಈ ಸಾಲಿನ ಕೆಲಸವನ್ನು ಕಾಣುವುದು ಸುಲಭವಾಗಿತ್ತು. ಸಸ್ಯಗಳಲ್ಲಿ ಅದನ್ನು ಹಿಡಿಯುವುದು ಕಷ್ಟ. ಅಲ್ಲಿಯ ಸೈಟೋಕ್ರೋಮ್ ಬಹಳ ಸ್ವಲ್ಪ. ಸಸ್ಯದಲ್ಲಿರುವ ಇತರ ಕಿಣ್ವಗಳು ಅದರ ಕೆಲಸವನ್ನು ಮರೆಮಾಡುತ್ತವೆ. ಕತ್ತರಿಸಿಟ್ಟ ಆಲೂಗಡ್ಡೆ ಸ್ವಲ್ಪ ಹೊತ್ತಿನಲ್ಲಿ ಕಪ್ಪಾಗುವುದನ್ನು ಅಡಿಗೆ ಮನೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಅದು ಕೂಡ ಒಂದು ಕಿಣ್ವದ ಕೆಲಸವೇ. ಆ ಸಾಮಾನ್ಯವಾದ ಆಲೂಗಡ್ಡೆಯನ್ನೇ ಕಮಲಾ ಅವರು ತಮ್ಮ ಪ್ರಯೋಗಕ್ಕೆ ಆರಿಸಿಕೊಂಡರು. ಅದನ್ನು ಅರೆದು, ಸೋಸಿ, ಅಂಶ ಅಂಶವಾಗಿ ಬೇರ್ಪಡಿಸಿ ತಾಳ್ಮೆಯಿಂದ ಪರೀಕ್ಷಿಸಿದರು. ಸಸ್ಯದ ಜೀವಕೋಶಗಳಲ್ಲಿಯೂ ಸೈಟೋಕ್ರೋಮ್-ಸಿ ಇದೆ, ಅದನ್ನು ಆಮ್ಲಜನಕದೊಡನೆ ಕೂಡಿಸುವ ಕಿಣ್ವವೂ ಇದೆ, ಸಸ್ಯದ ಉಸಿರಾಟ ನಡೆಯುವುದು ಇವುಗಳಿಂದಲೇ ಎಂಬುದನ್ನು ಕಂಡುಕೊಂಡರು. 1939ರಲ್ಲಿ ಹಿಲ್ ಅವರೊಡನೆ ಸೇರಿ ಬರೆದ ಈ ಶೋಧದ ವರದಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಆನೆಯಿಂದ ಆಲೂಗಡ್ಡೆಯವರೆಗೆ ಜೀವರಾಶಿಯ ಉಸಿರಿನ ಹಿಂದೆ ಒಂದೇ ಬಗೆಯ ವ್ಯವಸ್ಥೆಯಿದೆ ಎಂಬ ತಿಳಿವಳಿಕೆಗೆ ಇದರಿಂದ ಬಲ ಬಂದಿತು.

ಈ ಶೋಧವನ್ನು ಕುರಿತು ಅವರು ಬರೆದ ಪ್ರಬಂಧ ಕೇವಲ 40 ಪುಟಗಳದು. ಕೇಂಬ್ರಿಜ್‌ಗೆ ಬಂದು 14 ತಿಂಗಳಾಗುವಷ್ಟರಲ್ಲಿ ಅದು ಸಿದ್ಧವಾಗಿತ್ತು. 1939ರಲ್ಲಿ ಅವರಿಗೆ ಪಿಎಚ್.ಡಿ. ಪದವಿ ದೊರೆಯಿತು. ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯೆಂದು ಅವರು ಖ್ಯಾತರಾದರು. ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಮಹಿಳೆಯರನ್ನು ಹೊರಗಿಟ್ಟುದು ಬೆಂಗಳೂರು ಒಂದೇ ಅಲ್ಲ. ಶತಮಾನಗಳ ಕೀರ್ತಿಯಿದ್ದ ಕೇಂಬ್ರಿಜ್ ಕೂಡ ಪದವಿ ಪಡೆದ ಮಹಿಳೆಯರನ್ನು ಪುರುಷರಿಗೆ ಸಮಾನವಾಗಿ ವಿಶ್ವವಿದ್ಯಾಲಯದ ಪೂರ್ಣ ಸದಸ್ಯರೆಂದು ಸ್ವೀಕರಿಸಿದುದು 1948ರಲ್ಲಿ. ಕಮಲಾ ಅವರು ದುಡಿದುದು ಎಂಥ ಕಾಲದಲ್ಲಿ ಎಂಬುದು ಇದರಿಂದ ತಿಳಿಯುತ್ತದೆ.

ಅವರು ಅಭ್ಯಾಸ ಮಾಡಿದ ಆ ಸಾಲಿನ ಮಹತ್ವ ಮುಂದಿನ ವರ್ಷಗಳಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುವಾಗ ಹೊರಬರುವ ಶಕ್ತಿಯನ್ನು ಜೀವಕೋಶವು ಎಟಿಪಿ ಎಂಬ ವಸ್ತುವಿನ ರೂಪದಲ್ಲಿ ಕೂಡಿಡುತ್ತದೆ. ಅದು ಜೀವಕೋಶದ ಚಲಾವಣೆಯ ನಾಣ್ಯವಿದ್ದಂತೆ. ಎಲ್ಲಿ ಯಾವ ಕೆಲಸ ನಡೆಯಬೇಕಾದರೂ ಈ ನಾಣ್ಯವನ್ನು ತೆರಬೇಕು. ಜೀವಕೋಶದಲ್ಲಿ ಈ ನಾಣ್ಯ ಹೆಚ್ಚಾಗಿ ವ್ಯಯವಾಗುವ ಕೆಲಸಗಳಲ್ಲಿ ಒಂದು ಪ್ರೋಟೀನುಗಳನ್ನು ಕಟ್ಟುವುದು. ಆ ಕೆಲಸ ನಡೆಯುವ ಮಗ್ಗಗಳನ್ನು 1955ರಲ್ಲಿ ಜಾರ್ಜ್ ಪಲಾಡೆ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಣ್ಣ ಕಣಗಳ ರೂಪದಲ್ಲಿ ಕಂಡು ವಿವರಿಸಿದರು. 1958ರಲ್ಲಿ ಅವುಗಳಿಗೆ ರೈಬೋಸೋಮ್ ಎಂಬ ಹೆಸರು ಬಂದಿತು. ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರು ಇವುಗಳ ರಚನೆಯನ್ನು ಬಿಡಿಸಿ ತೋರಿಸಿ 2009ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅವರು ಆ ಕೆಲಸವನ್ನು ಮುಗಿಸಿದುದೂ ಕೇಂಬ್ರಿಜ್‌ನಲ್ಲಿಯೇ.

ರೈಬೋಸೋಮ್ ಎಂಬ ಈ ಮಗ್ಗವನ್ನು ಹೂಡುವವರು ಯಾರು? ಇಲ್ಲಿಯೂ ದುಡಿಯುವವು ಕಿಣ್ವಗಳೇ. ಮನುಷ್ಯರ ರೈಬೋಸೋಮಿನಲ್ಲಿ ಆರ್‌ಎನ್‌ಎ ಎಂಬ ವಸ್ತುವಿನ ನಾಲ್ಕು ಎಳೆಗಳೂ ಸುಮಾರು 80 ಪ್ರೋಟೀನುಗಳೂ ಇವೆ. ಮೊದಲು ಒಂದು ಕಿಣ್ವವು ಆರ್‌ಎನ್‌ಎಯ ಉದ್ದವಾದ ಎಳೆಯನ್ನು ಎಳೆಯುತ್ತದೆ. ಬೇರೆ ಕಿಣ್ವಗಳು ಅದನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸುತ್ತವೆ. ಎಳೆ ತಪ್ಪಾಗಿ ಮಡಿಚಿಕೊಂಡರೆ ಅದನ್ನು ಬಿಡಿಸಿ ಸರಿಪಡಿಸುವ ಕಿಣ್ವಗಳಿವೆ. ಕಟ್ಟಡಕ್ಕೆ ಸಾರುವೆ ಕಟ್ಟುವಂತೆ ಆಸರೆಗೆ ಬಂದು ನಿಂತ ಸಹಾಯಕ ಪ್ರೋಟೀನುಗಳನ್ನು ಕೆಲಸ ಮುಗಿದ ಮೇಲೆ ಕಳಚಿ ತೆಗೆಯುವ ಕಿಣ್ವಗಳೂ ಇವೆ. ಇವುಗಳಲ್ಲಿ ಎಷ್ಟೋ ಕಿಣ್ವಗಳು ಎಟಿಪಿ ಅಥವಾ ಅದರಂಥದೇ ಇನ್ನೊಂದು ನಾಣ್ಯವನ್ನು ತೆತ್ತೇ ಕೆಲಸ ಮಾಡುತ್ತವೆ. ಹೀಗೆ 200ಕ್ಕೂ ಹೆಚ್ಚು ಬಗೆಯ ಸಹಾಯಕರು ಸರದಿಯ ಪ್ರಕಾರ ಬಂದು ದುಡಿದು ಹೋದ ಮೇಲೆ ರೈಬೋಸೋಮ್ ಸಿದ್ಧವಾಗುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ಒಂದು ಯೀಸ್ಟ್ ಕಣದೊಳಗೆ ನಿಮಿಷಕ್ಕೆ ಸುಮಾರು 2000 ರೈಬೋಸೋಮ್‌ಗಳು ತಯಾರಾಗುತ್ತವೆ ಎಂದರೆ ಆ ಕೈಗಳ ಚಳಕವನ್ನು ಊಹಿಸಬಹುದು.

ಇಲ್ಲೊಂದು ಸೋಜಿಗವುಂಟು. ಕಿಣ್ವಗಳು ಪ್ರೋಟೀನುಗಳು, ಪ್ರೋಟೀನುಗಳು ಆಗುವುದು ರೈಬೋಸೋಮಿನಲ್ಲಿ, ರೈಬೋಸೋಮ್ ಆಗುವುದು ಕಿಣ್ವಗಳಿಂದ. ಮಗ್ಗವನ್ನು ಮಾಡಿಕೊಡುವ ಬಡಗಿ ಉಟ್ಟ ಬಟ್ಟೆಯೂ ಮಗ್ಗದಲ್ಲಿಯೇ ನೆಯ್ದುದಾಗಿರುವಂತೆ, ಜೀವಕೋಶದಲ್ಲಿ ಪ್ರತಿಯೊಂದೂ ಇನ್ನೊಂದರ ಋಣದಲ್ಲಿದೆ. ಕಮಲಾ ಅವರು ಆಲೂಗಡ್ಡೆಯನ್ನು ಅರೆಯುತ್ತಿದ್ದಾಗ ರೈಬೋಸೋಮ್ ಎಂಬ ಹೆಸರೇ ಹುಟ್ಟಿರಲಿಲ್ಲ. ಅವರು ಅದನ್ನು ಅಭ್ಯಾಸ ಮಾಡಿದವರೂ ಅಲ್ಲ. ಆದರೆ ಆ ಮಗ್ಗಗಳನ್ನು ಹೂಡುವುದಕ್ಕೆ ಬೇಕಾದ ಶಕ್ತಿ ಬಹುಪಾಲು ಹುಟ್ಟುವುದು ಅವರು ಸಸ್ಯದಲ್ಲಿ ಗುರುತಿಸಿದ ಉಸಿರಾಟದ ಸಾಲಿನಿಂದಲೇ. ವಿಜ್ಞಾನದಲ್ಲಿ ಒಬ್ಬರು ಇಟ್ಟ ಕಲ್ಲಿನ ಮೇಲೆ ಇನ್ನೊಬ್ಬರು ಕಲ್ಲನ್ನಿಡುತ್ತಾರೆ.

ಪದವಿ ಪಡೆದ ಕಮಲಾ ಅವರಿಗೆ ವಿದೇಶದಲ್ಲಿ ಉಳಿಯುವ ಅವಕಾಶಗಳು ಇಲ್ಲದಿರಲಿಲ್ಲ. ಆದರೆ ಅವರ ಮನಸ್ಸು ತಾಯ್ನಾಡಿನ ಕಡೆಗೆ ತುಡಿಯುತ್ತಿತ್ತು. 1939ರಲ್ಲಿ ಹಿಂದಿರುಗಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರ ವಿಭಾಗದ ಮುಖ್ಯಸ್ಥೆಯಾದರು. ಅನಂತರ ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕ ಆಹಾರ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ಜೀವಸತ್ವಗಳ ಪರಿಣಾಮವನ್ನು ಅಭ್ಯಾಸ ಮಾಡಿದರು. 1947ರಲ್ಲಿ ಎಂ. ವಿ. ಸೋಹೋನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದರು. ಅಲ್ಲಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕಿಯಾಗಿ ಹೊಸ ವಿಭಾಗವನ್ನು ಕಟ್ಟಿ ಬೆಳೆಸಿದರು.

ಮುಂಬಯಿಯಲ್ಲಿ ಅವರು ಮತ್ತೆ ಬೇಳೆಕಾಳುಗಳ ಕಡೆಗೆ ತಿರುಗಿದರು. ಗದಗ ಸೀಮೆಯ ಎರೆಭೂಮಿಯಲ್ಲಿ ಹೆಸರು, ಕಡಲೆ ಹುಲುಸಾಗಿ ಬೆಳೆಯುತ್ತವೆ. ರೊಟ್ಟಿಯ ಜೊತೆಗೆ ಕಾಳಿನ ಪಲ್ಯ ಇಲ್ಲಿಯ ನಿತ್ಯದ ಊಟ. ಕಾಳುಗಳಲ್ಲಿ ಪ್ರೋಟೀನು ಹೇರಳವಾಗಿದೆ. ಆದರೆ ಹಸಿಯ ಕಾಳುಗಳಲ್ಲಿ ನಮ್ಮ ಕರುಳಿನ ಟ್ರಿಪ್ಸಿನ್ ಎಂಬ ಕಿಣ್ವವನ್ನು ಕಟ್ಟಿಹಾಕುವ ವಸ್ತುಗಳೂ ಇರುತ್ತವೆ. ಟ್ರಿಪ್ಸಿನ್ ಕೆಲಸ ಮಾಡದಿದ್ದರೆ ಪ್ರೋಟೀನು ಜೀರ್ಣವಾಗದು. ಭಾರತೀಯ ಆಹಾರ ಪದಾರ್ಥಗಳಲ್ಲಿರುವ ಈ ತಡೆಗಳನ್ನು ಕಮಲಾ ಅವರೂ ಅವರ ಶಿಷ್ಯರೂ 1950ರ ದಶಕದಲ್ಲಿ ವಿವರವಾಗಿ ಅಭ್ಯಾಸ ಮಾಡಿದರು. ಚೆನ್ನಾಗಿ ಬೇಯಿಸಿದರೆ ಈ ತಡೆಗಳು ಬಹುಮಟ್ಟಿಗೆ ಶಕ್ತಿಗುಂದುತ್ತವೆ. ಅಜ್ಜಿಯಂದಿರು ಕಾಳನ್ನು ನೆನೆಯಿಟ್ಟು ಮೆತ್ತಗೆ ಬೇಯಿಸುವ ಪದ್ಧತಿಯ ಹಿಂದೆ ಎಂಥ ವಿವೇಕವಿದೆ ಎಂಬುದು ಇಂಥ ಸಂಶೋಧನೆಗಳಿಂದ ಮನವರಿಕೆಯಾಗುತ್ತದೆ.

ಸ್ವತಂತ್ರ ಭಾರತದ ಮೊದಲ ರಾಷ್ಟ್ರಪತಿಗಳಾದ ಬಾಬು ರಾಜೇಂದ್ರ ಪ್ರಸಾದರ ಸಲಹೆಯ ಮೇರೆಗೆ ಅವರು ನೀರಾ ಎಂಬ ತಾಳೆಯ ಜಾತಿಯ ಮರಗಳ ಸಿಹಿರಸವನ್ನು ಪರೀಕ್ಷೆಗೆತ್ತಿಕೊಂಡರು. ಹುಳಿಯುವುದಕ್ಕೆ ಮುನ್ನ ಇಳಿಸಿದ ಈ ರಸದಲ್ಲಿ ಜೀವಸತ್ವಗಳೂ ಕಬ್ಬಿಣದ ಅಂಶವೂ ಇವೆಯೆಂದು ಕಂಡುಬಂದಿತು. ಹೊಟ್ಟೆಗೆ ಸಾಲದ ಊಟ ಉಣ್ಣುತ್ತಿದ್ದ ಬುಡಕಟ್ಟು ಜನಾಂಗದ ಬೆಳೆಯುವ ಮಕ್ಕಳಿಗೂ ಗರ್ಭಿಣಿಯರಿಗೂ ಅಗ್ಗದ ನೀರಾ ಪುಷ್ಟಿಕರವಾಗುವುದೆಂದು ಅವರ ಅಧ್ಯಯನ ತೋರಿಸಿತು. ಈ ಕೆಲಸಕ್ಕಾಗಿ ಅವರಿಗೆ ರಾಷ್ಟ್ರಪತಿಗಳ ಪ್ರಶಸ್ತಿ ದೊರೆಯಿತು. ಮುಂಬಯಿಯ ಆರೇ ಹಾಲಿನ ಯೋಜನೆಗೂ ಅವರು ಸಲಹೆಗಾರರಾಗಿದ್ದರು.

ಮುಂದೆ ಅವರು ತಾವು ಕಲಿಸುತ್ತಿದ್ದ ಸಂಸ್ಥೆಗೇ ನಿರ್ದೇಶಕಿಯಾದರು. ಒಂದು ಕಾಲದಲ್ಲಿ ನಿರ್ದೇಶಕರ ಕೋಣೆಯ ಹೊರಗೆ ನಿಂತು ಅವಕಾಶವನ್ನು ಬೇಡಿದ್ದ ಹೆಣ್ಣುಮಗಳು ಈಗ ಅಂಥದೇ ಕೋಣೆಯ ಒಳಗೆ ಕುಳಿತರು. ಈ ಸ್ಥಾನವೂ ಅವರಿಗೆ ಸಲ್ಲಬೇಕಾದ ಹೊತ್ತಿಗೆ ಸಲ್ಲದೆ ಕೆಲವು ವರ್ಷ ತಡವಾಗಿ ಬಂದಿತು. ಬಾಗಿಲು ಒಮ್ಮೆ ತೆರೆದರೆ ಸಾಲದು, ಮತ್ತೆ ಮತ್ತೆ ತೆರೆಯಬೇಕಾಗುತ್ತದೆ ಎಂಬುದಕ್ಕೆ ಅವರ ಬಾಳೇ ನಿದರ್ಶನ.

ಪ್ರಯೋಗಶಾಲೆಯ ಹೊರಗೂ ಅವರ ವಿಜ್ಞಾನ ಜನರ ಕೈ ಹಿಡಿಯಿತು. 1966ರಲ್ಲಿ ಮುಂಬಯಿಯ ಒಂಬತ್ತು ಮಂದಿ ಮಹಿಳೆಯರಿಂದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಘ ಹುಟ್ಟಿತು. ಕಲಬೆರಕೆಯ ಪದಾರ್ಥಗಳಿಂದಲೂ ತೂಕ ಅಳತೆಗಳ ಮೋಸದಿಂದಲೂ ಬಳಕೆದಾರರನ್ನು ರಕ್ಷಿಸುವುದು ಅದರ ಉದ್ದೇಶ. ಕಮಲಾ ಅವರು ಆ ಸಂಘದಲ್ಲಿ ದುಡಿದು 1982ರಲ್ಲಿ ಅದರ ಅಧ್ಯಕ್ಷೆಯೂ ಆದರು. ಸಂಘದ ಕೀಮತ್ ಎಂಬ ಪತ್ರಿಕೆಗೆ ಬಳಕೆದಾರರ ಸುರಕ್ಷತೆಯನ್ನು ಕುರಿತು ಲೇಖನಗಳನ್ನು ಬರೆದರು. 1998ರಲ್ಲಿ, ಎಂಬತ್ತೇಳರ ಹತ್ತಿರದ ವಯಸ್ಸಿನಲ್ಲಿ, ಅವರು ಕಾಲವಶರಾದರು.

ಕಮಲಾ ಸೋಹೋನಿ ಅವರ ಜೀವನವು ಎರಡು ಪಾಠಗಳನ್ನು ಕಲಿಸುತ್ತದೆ. ಅನ್ಯಾಯವೆಂದು ಕಂಡುದನ್ನು ಅಂಜದೆ ಪ್ರಶ್ನಿಸಬೇಕು ಎಂಬುದು ಒಂದು. ಅವಕಾಶ ದೊರೆತ ಮೇಲೆ ಅದಕ್ಕೆ ತಕ್ಕಂತೆ ದುಡಿಯಬೇಕು ಎಂಬುದು ಇನ್ನೊಂದು. ಮೊದಲನೆಯದು ಇಲ್ಲದಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ. ಎರಡನೆಯದು ಇಲ್ಲದಿದ್ದರೆ ತೆರೆದ ಬಾಗಿಲು ಅವರ ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ಕಿಣ್ವವು ತಾನು ಸವೆಯದೆ, ಕಣ್ಣಿಗೂ ಬೀಳದೆ, ಒಂದು ಬದಲಾವಣೆಗೆ ದಾರಿ ಮಾಡಿಕೊಟ್ಟು ಮತ್ತೊಂದಕ್ಕೆ ಸಿದ್ಧವಾಗುತ್ತದೆ. ಆ ಕಿಣ್ವಗಳನ್ನು ಅರಸಿ ಹೊರಟ ಈ ಮಹಿಳೆಯೂ ತಮ್ಮ ಹಿಂದೆ ಬರುವವರಿಗೆ ಅಂಥದೇ ದಾರಿಯನ್ನು ಮಾಡಿಕೊಟ್ಟರು. ವಿಜ್ಞಾನದ ಮಂದಿರಗಳಲ್ಲಿ ಹೆಣ್ಣುಮಕ್ಕಳು ಇಂದು ತಮ್ಮ ಯೋಗ್ಯತೆಯ ಬಲದಿಂದ ತಲೆಯೆತ್ತಿ ನಡೆಯುವಾಗ, ಆ ನಡಿಗೆಯ ಹಿಂದೆ 1933ರ ಬೆಂಗಳೂರಿನಲ್ಲಿ ಒಬ್ಬ ತರುಣಿ ಇಟ್ಟ ದಿಟ್ಟ ಹೆಜ್ಜೆಯಿದೆ.